ಮೈಸೂರು ಬ್ಯಾಂಕು ಮತ್ತು ತುಂಬದೇ ಉಳಿದ ಕುರ್ಚಿಗಳು

ಬೆಂಗಳೂರಿನ ಕೆಂಪೇಗೌಡ ರಸ್ತೆಯ ಆ ವೃತ್ತವನ್ನು ಜನರು ಇಂದಿಗೂ ಮೈಸೂರು ಬ್ಯಾಂಕ್ ವೃತ್ತವೆಂದೇ ಕರೆಯುತ್ತಾರೆ. ಬ್ಯಾಂಕು ಮಾತ್ರ 2017ರ ಏಪ್ರಿಲ್ 1ರಂದು ಇಲ್ಲವಾಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ 1913ರಲ್ಲಿ ಹುಟ್ಟಿದ ಸಂಸ್ಥೆಯದು. 1959ರ ಕಾಯಿದೆಯ ಅನ್ವಯ ಮರುವರ್ಷ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. 2017ರಲ್ಲಿ ಬಿಕಾನೇರ್-ಜೈಪುರ, ಹೈದರಾಬಾದ್, ಪಟಿಯಾಲ, ತಿರುವಾಂಕೂರು ಎಂಬ ಸೋದರ ಬ್ಯಾಂಕುಗಳು ಹಾಗೂ ಭಾರತೀಯ ಮಹಿಳಾ ಬ್ಯಾಂಕಿನೊಡನೆ ಮಾತೃಸಂಸ್ಥೆಯಲ್ಲಿ ಲೀನವಾಯಿತು. ಮೈಸೂರು ಬ್ಯಾಂಕಿನ ಹತ್ತು ಷೇರಿಗೆ ಸ್ಟೇಟ್ ಬ್ಯಾಂಕಿನ ಇಪ್ಪತ್ತೆರಡು ಷೇರು ಎಂದು ನಿಗದಿಯಾಯಿತು. ಷೇರುಗಳ ಲೆಕ್ಕ ಇಷ್ಟು ಸರಳ. ಹುದ್ದೆಗಳ ಲೆಕ್ಕ ಹಾಗಲ್ಲ.

ವಿಲೀನದಿಂದ ಯಾರನ್ನೂ ಮನೆಗೆ ಕಳುಹಿಸಲಿಲ್ಲ ಎಂಬ ಮಾತು ಅಕ್ಷರಶಃ ನಿಜ. ಆದರೆ ಒಂದೇ ಬೀದಿಯಲ್ಲಿ ಎದುರುಬದುರಾಗಿದ್ದ ಎರಡು ಶಾಖೆಗಳು ಒಂದಾದರೆ ಇಬ್ಬರು ವ್ಯವಸ್ಥಾಪಕರು ಬೇಕಾಗುವುದಿಲ್ಲ. ಎರಡು ಪ್ರಧಾನ ಕಚೇರಿಗಳೂ ಬೇಡ. ಐವತ್ತೈದು ವಯಸ್ಸು, ಇಪ್ಪತ್ತು ವರ್ಷಗಳ ಸೇವೆ ತುಂಬಿದವರಿಗೆ ಸ್ವಯಂನಿವೃತ್ತಿಯ ಯೋಜನೆ ಬಂದಿತು. ಹೀಗೆ ತೆರವಾದ ಕುರ್ಚಿಗೆ ಹೊಸಬರು ಬಾರದಿದ್ದರೆ ಉದ್ಯೋಗವೊಂದು ಸದ್ದಿಲ್ಲದೆ ಕರಗುತ್ತದೆ. (ಗಣಕಯಂತ್ರ ಬಂದಾಗಲೇ ಗುಮಾಸ್ತರ ಅಗತ್ಯ ಕುಗ್ಗಿತ್ತೆಂಬುದನ್ನೂ ಮರೆಯಬಾರದು, ಎಲ್ಲ ತಪ್ಪನ್ನೂ ವಿಲೀನದ ತಲೆಗೆ ಕಟ್ಟುವುದು ನ್ಯಾಯವಲ್ಲ.)

ಮುಂದಿನದು ಕರಾವಳಿಯ ಸರದಿ. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕನ್ನು ಸೇರಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಒಬ್ಬರ ಕೆಲಸವೂ ಹೋಗುವುದಿಲ್ಲವೆಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2019ರಲ್ಲಿ ಭರವಸೆಯಿತ್ತಿದ್ದರು. 2017ರ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಐದು ಸರ್ಕಾರಿ ಬ್ಯಾಂಕುಗಳಲ್ಲಿ ಇಂದು ಉಳಿದಿರುವುದು ಕೆನರಾ ಒಂದೇ.

ಉಪಾಧ್ಯಾಯನಾಗಿ ನನಗೆ ತೋರುವುದು ಬೇರೊಂದು ಸಂಗತಿ. ಭರವಸೆ ದೊರೆತದ್ದು ಒಳಗಿದ್ದವರಿಗೆ. ಹೊರಗೆ ಸರದಿಯಲ್ಲಿ ನಿಂತಿದ್ದವರಿಗಲ್ಲ. ಹಿಂದುಳಿದ ಹಳ್ಳಿಯ, ಶಿಫಾರಸು ಇಲ್ಲದ ಹುಡುಗ ಹುಡುಗಿಯರಿಗೆ ಬ್ಯಾಂಕ್ ಪರೀಕ್ಷೆಯು ಮಧ್ಯಮವರ್ಗದ ಬಾಗಿಲಾಗಿತ್ತು. ಹತ್ತನೆಯ ತರಗತಿಯಲ್ಲಿ ಲೆಕ್ಕ ಚೆನ್ನಾಗಿ ಬರುವ ಮಕ್ಕಳಿಗೆ ನಾವು ತೋರಿಸುತ್ತಿದ್ದ ದಾರಿಯೂ ಅದೇ. ಅಂಥವರು ಇಂದೂ ಅರ್ಜಿ ತುಂಬುತ್ತಾರೆ. ಗುಮಾಸ್ತರ ನೇಮಕಾತಿಯ ಪ್ರಕಟಣೆಯಲ್ಲಿ ಬ್ಯಾಂಕುಗಳ ಪಟ್ಟಿಯೊಂದಿರುತ್ತದೆ. ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಮೂರು ಸಾಲುಗಳು ಅದರಲ್ಲಿ ಈಗ ಇಲ್ಲ.