ಹರಿದ ಬಟ್ಟೆ, ಹರಿಯದ ನೆನಪು

ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಹದಿಮೂರು ದಿನಗಳ ಕ್ರಿಯಾಕರ್ಮಗಳು ಮುಗಿಯುತ್ತವೆ. ನೆಂಟರಿಷ್ಟರು ತಮ್ಮ ತಮ್ಮ ಊರುಗಳಿಗೆ ಮರಳುತ್ತಾರೆ. ಆ ಬಳಿಕ ಉಳಿದವರ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಹೋದವರ ಬಟ್ಟೆಗಳನ್ನು ಏನು ಮಾಡುವುದು? ಉಡುವಂತಿಲ್ಲ, ಎಸೆಯಲು ಮನಸ್ಸು ಬಾರದು. ಶಾಸ್ತ್ರಗ್ರಂಥಗಳಲ್ಲಿ ಇದಕ್ಕೆ ಯಾವ ಉತ್ತರವಿದೆಯೋ, ನಮ್ಮ ಜಿಲ್ಲೆಯ ಹೆಂಗಸರು ಮಾತ್ರ ಸೂಜಿ ದಾರಗಳಿಂದ ತಮ್ಮದೇ ಉತ್ತರವನ್ನು ಕಂಡುಕೊಂಡಿದ್ದರು. ಅದರ ಹೆಸರು ಕೌದಿ.

ಉತ್ತರ ಕನ್ನಡದಲ್ಲಿ ಈ ಹೊದಿಕೆಗೆ ಹಲವು ಹೆಸರುಗಳು. ಕನ್ನಡದವರು ಕೌದಿ ಎಂದರೆ ಕಾರವಾರದ ಕಡೆಯ ಕೊಂಕಣಿಗರು ಗೋಧಡಿ ಎನ್ನುತ್ತಾರೆ. ಘಟ್ಟದ ಮೇಲಿನ ಸಿದ್ದಿಗಳ ಬಾಯಲ್ಲಿ ಅದು ಕವಂದಿ. ಹಳೆಯ ಹತ್ತಿ ಸೀರೆಯೊಂದನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಧೋತರ, ಪರಕಾರ, ಅಂಗಿಗಳ ತುಂಡುಗಳನ್ನು ಹೊಂದಿಸಿ, ಒತ್ತೊತ್ತಾಗಿ ಎಳೆಹೊಲಿಗೆ ಹಾಕುತ್ತಾ ಹೋಗುವುದು ಇದರ ಕ್ರಮ. ಇದಕ್ಕೆ ಯಂತ್ರ ಬೇಡ. ಬೇಕಾದದ್ದು ಸೂಜಿ, ದಾರ, ಹಳೆಯ ಬಟ್ಟೆ ಮತ್ತು ಕೆಲವು ವಾರಗಳ ತಾಳ್ಮೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ನೆಲೆಸಿರುವ ಸಿದ್ದಿ ಜನರ ಕವಂದಿಗಳು ಇಂದು ಪ್ರಪಂಚದ ಗಮನ ಸೆಳೆದಿವೆ. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ತುಗೀಜರು ಮುಂದಿನ ಶತಮಾನಗಳಲ್ಲಿ ಪೂರ್ವ ಆಫ್ರಿಕಾದಿಂದ ಗುಲಾಮರನ್ನು ಹಡಗುಗಳಲ್ಲಿ ತುಂಬಿ ತಂದರು. ಅವರಲ್ಲಿ ಹಲವರು ಒಡೆಯರ ಕೈಯಿಂದ ತಪ್ಪಿಸಿಕೊಂಡು ಸಹ್ಯಾದ್ರಿಯ ಕಾಡುಗಳನ್ನು ಸೇರಿದರು. ಹುಟ್ಟಿದ ನೆಲ, ಆಡುವ ಭಾಷೆ, ಬಂಧುಬಳಗ, ಕಡೆಗೆ ತಮ್ಮ ಹೆಸರುಗಳನ್ನೂ ಕಳೆದುಕೊಂಡ ಜನ ಅವರು. ಇಂದು ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಹೀಗೆ ಮೂರು ಮತದವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಸಿದ್ದಿ ಹೆಂಗಸರು ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತು ಬರುತ್ತಾ ಒಳಗೊಳಗೆ ಸಾಗಿ ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಸಿ ಮಾಡಿದ ತ್ರಿಕೋನಾಕಾರದ 'ಫುಲ'ಗಳಿರಬೇಕು. ಫುಲವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಕ್ರೈಸ್ತರ ಕವಂದಿಗಳಲ್ಲಿ ಶಿಲುಬೆಯೂ, ಮುಸ್ಲಿಮರದರಲ್ಲಿ ಅರ್ಧಚಂದ್ರವೂ ಕಾಣಸಿಗುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಕಲೆಯನ್ನು ಅಭ್ಯಸಿಸಿ, 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರಿ ಕೂಟವೊಂದು ರೂಪುಗೊಳ್ಳಲು ನೆರವಾದರು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿ ಈ ಕವಂದಿಗಳ ಪ್ರದರ್ಶನವೂ ನಡೆಯಿತು. ಎಲ್ಲವನ್ನೂ ಕಳೆದುಕೊಂಡವರ ವಂಶದವರು ಒಂದು ಚೂರು ಬಟ್ಟೆಯನ್ನೂ ಕಳೆಯದೆ ಜೋಡಿಸುತ್ತಾರೆ ಎಂಬುದನ್ನು ನೆನೆದಾಗ, ಆ ಹೊಲಿಗೆಯಲ್ಲಿ ಬರಿಯ ಮಿತವ್ಯಯವನ್ನಷ್ಟೇ ಕಾಣಲು ನನ್ನಿಂದಾಗದು.

ನನ್ನ ಮನೆಯ ಮಾತನ್ನೂ ಇಲ್ಲಿ ಹೇಳಬಹುದು. ತಂದೆಯವರು ಕಾಲವಾದ ವರ್ಷ ಅಮ್ಮ ಹೆಚ್ಚು ಮಾತನಾಡುತ್ತಿರಲಿಲ್ಲ. ಶ್ರಾವಣದ ಜಡಿಮಳೆ ಹಿಡಿದಾಗ ಪೆಟ್ಟಿಗೆಯಿಂದ ಅವರ ಧೋತರಗಳನ್ನೂ ಎರಡು ಅಂಗಿಗಳನ್ನೂ ತೆಗೆದು, ತನ್ನ ಹಳೆಯ ಸೀರೆಯ ಮೇಲೆ ಹರಡಿ ಕುಳಿತಳು. ನೆರೆಮನೆಯ ಅಕ್ಕಂದಿರು ಮಧ್ಯಾಹ್ನ ಬಂದು ಆಚೀಚೆ ಕುಳಿತು ತಾವೂ ಒಂದೊಂದು ಸಾಲು ಹೊಲಿಯುತ್ತಿದ್ದರು. ಯಾರೂ ಸಮಾಧಾನದ ಮಾತು ಹೇಳಿದ್ದನ್ನು ನಾನು ಕೇಳಲಿಲ್ಲ. ಮೀನಿನ ಬೆಲೆ, ಮಳೆಯ ರಭಸ, ಮಕ್ಕಳ ಓದು ಇಂಥವೇ ಮಾತುಗಳು. ಆದರೆ ಗಣೇಶ ಚೌತಿಯ ಹೊತ್ತಿಗೆ ಕೌದಿಯೂ ಮುಗಿದಿತ್ತು, ಅಮ್ಮನೂ ಮೊದಲಿನಂತೆ ಊಟಕ್ಕೆ ಕರೆಯತೊಡಗಿದ್ದಳು. ದುಃಖ ತೀರಿತ್ತೆಂದಲ್ಲ, ಅದಕ್ಕೊಂದು ಜಾಗ ಸಿಕ್ಕಿತ್ತು.

ಸೂಜಿಯಂತೆಯೇ ಚರಕವೂ ಈ ನೆಲದಲ್ಲಿ ಶೋಕವನ್ನು ಹೊತ್ತದ್ದುಂಟು. ಅಂಕೋಲೆಯ ಹೆಸರು ಸ್ವಾತಂತ್ರ್ಯದ ಇತಿಹಾಸದಲ್ಲಿ ಉಳಿದಿರುವುದು 1930ರ ಉಪ್ಪಿನ ಸತ್ಯಾಗ್ರಹದಿಂದ ಮತ್ತು ಅನಂತರದ ಕರನಿರಾಕರಣೆಯಿಂದ. ಗದ್ದೆ, ಮನೆ, ಪಾತ್ರೆಪಗಡಗಳನ್ನು ಕಳೆದುಕೊಂಡ ಕುಟುಂಬಗಳು ಇಲ್ಲಿ ಅನೇಕ. ಗಾಂಧೀಜಿಯವರು ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ನೂಲುವುದು ಸದಸ್ಯತ್ವದ ಕರಾರೇ ಆಗಿತ್ತು. ಅದೇ ನೂಲು ಗಾಂಧೀಜಿಯವರ ಬಾಳಿನಲ್ಲಿ ಶೋಕದ ನೂಲೂ ಆಯಿತು. 1944ರ ಫೆಬ್ರವರಿ 22ರಂದು ಪುಣೆಯ ಆಗಾಖಾನ್ ಅರಮನೆಯ ಬಂಧನದಲ್ಲಿ ಕಸ್ತೂರಬಾ ತೀರಿಕೊಂಡಾಗ, ಪತಿ ನೂತ ನೂಲಿನಿಂದ ನೇಯ್ದ ಸೀರೆಯನ್ನು ಉಡಿಸಿ ಅವರ ಅಂತ್ಯಸಂಸ್ಕಾರ ನಡೆಸಲಾಯಿತು. ಅರವತ್ತು ವರ್ಷಗಳಿಗೂ ಮೀರಿದ ದಾಂಪತ್ಯಕ್ಕೆ ಆ ಮುದುಕರು ಕೊಡಬಹುದಾಗಿದ್ದುದು ತಮ್ಮ ಕೈಯ ಎಳೆಯನ್ನೇ.

ನಾಲ್ಕು ವರ್ಷಗಳ ಬಳಿಕ ದೇಶವೇ ಗಾಂಧೀಜಿಗಾಗಿ ಅತ್ತಿತು. 1948ರ ಫೆಬ್ರವರಿ 12ರಂದು ಅವರ ಚಿತಾಭಸ್ಮವನ್ನು ಪ್ರಯಾಗದಲ್ಲಿಯೂ ಇತರ ತೀರ್ಥಗಳಲ್ಲಿಯೂ ವಿಸರ್ಜಿಸಲಾಯಿತು. ಮುಂದೆ ಪ್ರತಿ ವರ್ಷ ಅದೇ ದಿನ ನಡೆಯುವ ಸರ್ವೋದಯ ಮೇಳಗಳಲ್ಲಿ, ಸ್ವತಃ ನೂತ 640 ಎಳೆಗಳ ಒಂದು ಲಡಿಯನ್ನು ಅರ್ಪಿಸಬೇಕೆಂದು ವಿನೋಬಾ ಭಾವೆಯವರು ಕರೆಯಿತ್ತರು. ಅದಕ್ಕೆ ಸೂತಾಂಜಲಿ ಎಂದು ಹೆಸರು. ಹೂವು ಕೊಂಡು ತರಬಹುದು, ಭಾಷಣ ಬರೆಸಿಕೊಳ್ಳಬಹುದು. ನೂಲನ್ನು ಮಾತ್ರ ತಾನೇ ಕುಳಿತು ನೂಲಬೇಕು. ಶ್ರದ್ಧಾಂಜಲಿಗೆ ಇದಕ್ಕಿಂತ ಪ್ರಾಮಾಣಿಕವಾದ ಅಳತೆಗೋಲು ನನಗೆ ತಿಳಿದಿಲ್ಲ.

ಹೊರ ಪ್ರಪಂಚದಲ್ಲಿಯೂ ಇಂಥ ನಿದರ್ಶನಗಳಿವೆ. ಚಿಲಿ ದೇಶದಲ್ಲಿ 1973ರ ಸೈನಿಕ ಕ್ರಾಂತಿಯ ನಂತರ ಸಾವಿರಾರು ಜನರನ್ನು ಕೊಲ್ಲಲಾಯಿತು, ಹಲವರು ಕಾಣೆಯಾದರು. ಅವರ ತಾಯಂದಿರು, ಹೆಂಡಂದಿರು, ಸೋದರಿಯರು ಸಾಂಟಿಯಾಗೋದ ಚರ್ಚಿನ ಆಶ್ರಯದಲ್ಲಿ ಕುಳಿತು ಬಟ್ಟೆಯ ತುಂಡುಗಳಿಂದ ಚಿತ್ರಗಳನ್ನು ಹೊಲಿದರು. ಕಾಣೆಯಾದವರ ಅಂಗಿಯ ಚೂರುಗಳೂ ಅವುಗಳಲ್ಲಿ ಸೇರಿದವು. 'ಆರ್ಪಿಯೇರಾ' ಎಂದು ಕರೆಯಲಾಗುವ ಆ ಚಿತ್ರಗಳು ಬಾಯಿ ಬಿಡಲಾಗದ ಕಾಲದಲ್ಲಿ ಹೊರ ಜಗತ್ತಿಗೆ ಸಾಕ್ಷಿ ನುಡಿದವು. ಅಮೆರಿಕದಲ್ಲಿ 1987ರ ಅಕ್ಟೋಬರ್ 11ರಂದು, ಏಡ್ಸ್ ರೋಗಕ್ಕೆ ಬಲಿಯಾದವರ ಹೆಸರುಗಳುಳ್ಳ 1,920 ಹೊಲಿದ ಪಟ್ಟಿಗಳನ್ನು ವಾಷಿಂಗ್ಟನ್ನಿನ ಬಯಲಿನಲ್ಲಿ ಹಾಸಲಾಯಿತು. ಒಂದೊಂದು ಪಟ್ಟಿಯೂ ಮೂರು ಅಡಿ ಅಗಲ, ಆರು ಅಡಿ ಉದ್ದ. ಒಂದು ಗೋರಿಯ ಅಳತೆ.

ಚಿಲಿಯ ಆ ತಾಯಂದಿರ ಸಂಕಟ ನಮ್ಮ ಕರಾವಳಿಗೆ ಅಪರಿಚಿತವಲ್ಲ. ಅವರಂತೆ ಮನುಷ್ಯರ ಕ್ರೌರ್ಯದಿಂದ ಅಲ್ಲ, ನೀರಿನಿಂದ. ಕಡಲಿಗೆ ಹೋದವರು ಮರಳದಿದ್ದರೆ ಮನೆಯವರಿಗೆ ಕೊನೆಯ ದರ್ಶನವೂ ಇಲ್ಲ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದೋಣಿ ಮುಳುಗಿದಾಗಲೂ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ತಳ್ಳಿದಾಗಲೂ, ದಡದಲ್ಲಿ ಕಾದು ನಿಂತವರ ಮುಖಗಳನ್ನು ಜಿಲ್ಲೆಯ ಜನ ಮರೆತಿಲ್ಲ. ದೇಹವೇ ಸಿಗದ ಮನೆಯಲ್ಲಿ ಹಗ್ಗದ ಮೇಲೆ ಒಣಗಿದ ಅಂಗಿಯೇ ಉಳಿದ ಮನುಷ್ಯನಾಗುತ್ತದೆ. ಅದನ್ನು ಯಾರು ಮಡಿಸಿಡುವುದು, ಎಲ್ಲಿ ಇಡುವುದು?

ಹೊಲಿಯುವುದರಿಂದ ದುಃಖ ಏಕೆ ಹಗುರವಾಗುತ್ತದೆ? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನ ಸಾಮಾನ್ಯ ತಿಳಿವಳಿಕೆಯಿಂದ ನನಗನ್ನಿಸುವುದಿಷ್ಟು. ಮೊದಲನೆಯದು, ಕೈಗೆ ಕೆಲಸವಿದ್ದಾಗ ಮನಸ್ಸು ಅಲೆಯುವುದು ಕಡಿಮೆ. ಒಂದು ಹೊಲಿಗೆಯ ಮುಂದೆ ಮತ್ತೊಂದು ಹೊಲಿಗೆ ಇದ್ದೇ ಇರುತ್ತದೆ. ಎರಡನೆಯದು, ಜೊತೆಯಲ್ಲಿ ಕುಳಿತು ಹೊಲಿಯುವಾಗ ಕಣ್ಣು ಬಟ್ಟೆಯ ಮೇಲಿರುವುದರಿಂದ ಅತ್ತರೂ ಸಂಕೋಚವಿಲ್ಲ, ಸುಮ್ಮನಿದ್ದರೂ ತಪ್ಪಿಲ್ಲ. ಮೂರನೆಯದು, ಹೋದವರ ವಸ್ತು ಪೆಟ್ಟಿಗೆಯಲ್ಲಿ ಸತ್ತು ಬೀಳದೆ ಮೊಮ್ಮಕ್ಕಳನ್ನು ಬೆಚ್ಚಗಿಡುವ ಉಪಯೋಗಕ್ಕೆ ಮರಳುತ್ತದೆ. ಹೊಲಿಗೆ ಸಾವಿಗೆ ಮದ್ದಲ್ಲ. ತೀರ ಕುಸಿದವರಿಗೆ ವೈದ್ಯರ ನೆರವು ಬೇಕೇ ಬೇಕು. ಆದರೆ ವೈದ್ಯರ ಬಳಿ ಹೋಗುವಷ್ಟು ಬಲವನ್ನು ಪಕ್ಕದಲ್ಲಿ ಕುಳಿತು ಹೊಲಿಯುವ ನೆರೆಯವರು ಕೊಡಬಲ್ಲರು.

ಇಂದು ಕೌದಿ ಮನೆಗಳಿಂದ ಸರಿಯುತ್ತಿದೆ. ಉಡುವ ಸೀರೆಗಳು ಪಾಲಿಯೆಸ್ಟರಿನವು. ಅವು ಜಾರುತ್ತವೆ, ಬೆವರನ್ನು ಹೀರುವುದಿಲ್ಲ. ಹೊದೆಯಲು ಅಂಗಡಿಯ ರಗ್ಗುಗಳಿವೆ. ಸಿದ್ದಿ ಹೆಂಗಸರ ಕವಂದಿಗಳಿಗೆ ದೂರದ ಊರುಗಳಲ್ಲಿ ಬೆಲೆ ಬಂದಿರುವುದು ಸಂತೋಷವೇ. ಆದರೆ ಬೆಲೆಕಟ್ಟಿ ಮಾರುವ ಕೌದಿಯಲ್ಲಿ ನಮ್ಮ ತಂದೆಯ ಧೋತರವಿರುವುದಿಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಸಾವು ಸಂಭವಿಸಿದರೆ ಹೋದವರ ಬಟ್ಟೆಗಳನ್ನೆಲ್ಲ ಒಂದೇ ದಿನ ಗಂಟು ಕಟ್ಟಿ ಹೊರಗೆ ಹಾಕಬೇಡಿ. ಹತ್ತಿಯ ಒಂದು ಅಂಗಿ, ಒಂದು ಸೀರೆಯನ್ನು ಉಳಿಸಿಕೊಳ್ಳಿ. ಹೊಲಿಗೆ ಬಲ್ಲ ಅಜ್ಜಿ ಇದ್ದರೆ ಅವರ ಬಳಿ ಕುಳಿತುಕೊಳ್ಳಿ. ಗಂಡಸರೂ ಕುಳಿತುಕೊಳ್ಳಬಹುದು, ಸೂಜಿಯ ಕಣ್ಣಿಗೆ ಆ ಭೇದವಿಲ್ಲ.