ಸುರಂಗ ಒಂದು ಕಡೆ, ತೂಬು ಇನ್ನೊಂದು ಕಡೆ

ವಿಪಿಎನ್ ಅಂದ್ರೆ ಇಂಟರ್ನೆಟ್ ಒಳಗೆ ಕೊರೆದ ಸುರಂಗ ಅಂತ ಎಲ್ಲರೂ ಹೇಳ್ತಾರೆ. ನಮ್ಮ ತುಮಕೂರು ಕಡೆಯವರಿಗೆ ಸುರಂಗ ಹೊಸದಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಆ ನೀರು ನಮ್ಮ ಜಿಲ್ಲೆಗೆ ಬರೋದಕ್ಕೆ ನಡುವೆ ಎತ್ತರದ ನೆಲ ಅಡ್ಡ. ಅದಕ್ಕೇ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆಯಲ್ಲಿ ಹೆಚ್ಚುಕಮ್ಮಿ ಹತ್ತು ಕಿಲೋಮೀಟರ್ ಉದ್ದದ ಸುರಂಗ ತೋಡಿದರು. ಅದರಿಂದ ಹೊರಬಂದ ನೀರೇ ಗುಬ್ಬಿಯ ಕೆರೆಗಳಿಗೆ ಹರಿಯುತ್ತೆ, ಬುಗುಡನಹಳ್ಳಿ ಕೆರೆ ಸೇರಿ ತುಮಕೂರು ನಗರದ ನಲ್ಲಿಗೆ ಬರುತ್ತೆ. ನಾಲೆಯ ಕೊನೆಯಲ್ಲಿರೋ ಕುಣಿಗಲ್‌ಗೂ ಅದರಲ್ಲಿ ಪಾಲಿದೆ.

ಸುರಂಗಕ್ಕೆ ಗೊತ್ತಿರೋದು ಒಂದೇ ಕೆಲಸ. ಈ ಬಾಯಲ್ಲಿ ಹೊಕ್ಕಿದ್ದನ್ನ ಆ ಬಾಯಲ್ಲಿ ಬಿಡೋದು. ಯಾವ ಕೆರೆಗೆ, ಯಾವ ಗದ್ದೆಗೆ ಅನ್ನೋದು ತೂಬಿನ ಲೆಕ್ಕ. ಹಿಂದೆ ಊರೂರಲ್ಲಿ ಆ ಲೆಕ್ಕ ನೀರುಗಂಟಿಯ ಕೈಲಿತ್ತು. ವಿಪಿಎನ್ ಚರಿತ್ರೆಯನ್ನೂ ಹೀಗೇ ಓದಬಹುದು. ಸುರಂಗ ತೋಡೋದು ವರ್ಷದಿಂದ ವರ್ಷಕ್ಕೆ ಸುಲಭವಾಯ್ತು. ತೂಬು ಯಾರ ಕೈಲಿ ಅನ್ನೋ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು.

ಶುರುವಲ್ಲಿ ಸುರಂಗವೇ ಇರಲಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಹೊರದೇಶದ ಆಫೀಸಿನ ಜೊತೆ ಮಾತಾಡೋಕೆ ಉಪಗ್ರಹದ ಮೂಲಕ ತನ್ನದೇ ಸಂಪರ್ಕ ಹಾಕಿಕೊಳ್ಳಬೇಕಾಯ್ತು. ಖಾಸಗಿ ನೆಟ್‌ವರ್ಕ್ ಬೇಕಾ, ಖಾಸಗಿ ಲೈನ್ ಹಾಕಿಸು ಅನ್ನೋ ಕಾಲ ಅದು. ಊರಿಗೆ ನೀರು ಬೇಕಂದ್ರೆ ಅಣೆಕಟ್ಟಿನಿಂದ ನೀವೇ ನಾಲೆ ತೋಡಿಕೊಳ್ಳಿ ಅಂದ ಹಾಗೆ.

ತೊಂಬತ್ತರ ದಶಕದಲ್ಲಿ ಇಂಟರ್ನೆಟ್ ಬೆಳೆದ ಮೇಲೆ ಬೇರೆ ಯೋಚನೆ ಬಂತು. ನಮ್ಮ ಪ್ಯಾಕೆಟ್‌ನ ಇನ್ನೊಂದು ಪ್ಯಾಕೆಟ್ ಹೊಟ್ಟೆಯಲ್ಲಿಟ್ಟು ಸಾರ್ವಜನಿಕ ದಾರಿಯಲ್ಲೇ ಕಳಿಸಿದ್ರೆ ಏನು? 1994ರಲ್ಲಿ ಜಿಆರ್‌ಇ, 1995ರಲ್ಲಿ ಐಪಿಸೆಕ್, 1996ರಲ್ಲಿ ಪಿಪಿಟಿಪಿ ಒಂದರ ಹಿಂದೆ ಒಂದು ಬಂದವು. ಜಿಆರ್‌ಇ ಬರೀ ಹೊದಿಕೆ, ಅದರಲ್ಲಿ ಗುಟ್ಟು ಕಾಯೋ ಬೀಗ ಇಲ್ಲ. ಬೀಗ ಬಂದದ್ದು ಐಪಿಸೆಕ್ ಜೊತೆ. ಆದರೆ ಅದನ್ನ ಕಾನ್ಫಿಗರ್ ಮಾಡೋದು ತಜ್ಞರ ಕೆಲಸ, ದಿನಗಟ್ಟಲೆ ತಲೆನೋವು.

2001ರಲ್ಲಿ ಜೇಮ್ಸ್ ಯೋನನ್ ಓಪನ್‌ವಿಪಿಎನ್ ಬಿಟ್ಟರು. ಮಧ್ಯ ಏಷ್ಯಾದಲ್ಲಿ ಓಡಾಡ್ತಾ ಆಫೀಸಿಗೆ ಕನೆಕ್ಟ್ ಆಗುವಾಗ, ತನ್ನ ಪ್ಯಾಕೆಟ್‌ಗಳು ನಂಬಿಕೆ ಇಲ್ಲದ ದಾರಿಗಳಲ್ಲಿ ಹೋಗ್ತಿವೆ ಅನ್ನೋ ಅಳುಕೇ ಅದಕ್ಕೆ ಕಾರಣ. ಅವರು ಬಳಸಿದ್ದು ಟನ್ ಅನ್ನೋ ಇಂಟರ್ಫೇಸ್. ನಿಜವಾದ ನೆಟ್‌ವರ್ಕ್ ಕಾರ್ಡ್ ಅಲ್ಲ, ಆದರೆ ಲಿನಕ್ಸ್ ಕಣ್ಣಿಗೆ ಕಾರ್ಡ್ ಥರಾನೇ ಕಾಣುತ್ತೆ. ಅದಕ್ಕೊಂದು ಐಪಿ ಅಡ್ರೆಸ್ ಇರುತ್ತೆ. ಅದರೊಳಗೆ ಬಿದ್ದ ಪ್ಯಾಕೆಟ್‌ಗೆ ಬೀಗ ಹಾಕಿ ನಿಜವಾದ ಕಾರ್ಡಿನಿಂದ ಹೊರಗೆ ಕಳಿಸ್ತಾರೆ.

ತೂಬಿನ ಕಥೆ ಶುರುವಾಗೋದು ಇಲ್ಲೇ. ಇಂಟರ್ಫೇಸ್ ಮೇಲೆದ್ದ ಮಾತ್ರಕ್ಕೆ ನಿಮ್ಮ ಟ್ರಾಫಿಕ್ ಅದರೊಳಗೆ ಹೋಗಲ್ಲ. ರೂಟಿಂಗ್ ಟೇಬಲ್ ಹೇಳಬೇಕು. ಎಲ್ಲವನ್ನೂ ಸುರಂಗಕ್ಕೇ ಕಳಿಸು ಅಂತ ಕಣ್ಣುಮುಚ್ಚಿ ಬರೆದರೆ, ಬೀಗ ಹಾಕಿದ ಪ್ಯಾಕೆಟ್ಟೂ ವಾಪಸ್ ಸುರಂಗಕ್ಕೇ ಬಿದ್ದು ಅಲ್ಲೇ ಸುತ್ತುತ್ತೆ. ಅದಕ್ಕೇ ಓಪನ್‌ವಿಪಿಎನ್ ಮೊದಲು ಸರ್ವರ್‌ನ ನಿಜವಾದ ಅಡ್ರೆಸ್‌ಗೆ ಹಳೇ ಗೇಟ್‌ವೇ ಮೂಲಕ ಪ್ರತ್ಯೇಕ ದಾರಿ ಬರೆಯುತ್ತೆ. ಆಮೇಲೆ ಉಳಿದ ಇಡೀ ಇಂಟರ್ನೆಟ್ಟನ್ನ 0.0.0.0/1, 128.0.0.0/1 ಅಂತ ಎರಡು ಹೋಳು ಮಾಡಿ ಸುರಂಗಕ್ಕೆ ತಿರುಗಿಸುತ್ತೆ. ರೂಟಿಂಗ್‌ನಲ್ಲಿ ಹೆಚ್ಚು ನಿಖರವಾದ ದಾರಿಗೇ ಮೊದಲ ಮರ್ಯಾದೆ. ಹಾಗಾಗಿ ಹಳೇ ಡಿಫಾಲ್ಟ್ ರೂಟ್ ಅಳಿಸೋದೇ ಬೇಡ, ಅದು ತನ್ನ ಪಾಡಿಗೆ ಸುಮ್ಮನಿರುತ್ತೆ.

ಆ ಕಡೆ ಸರ್ವರ್‌ನಲ್ಲೂ ಕೆಲಸ ಇದೆ. ಐಪಿ ಫಾರ್ವರ್ಡಿಂಗ್ ಆನ್ ಮಾಡಬೇಕು, ಇಲ್ಲದಿದ್ರೆ ಅದು ಬೇರೆಯವರ ಪ್ಯಾಕೆಟ್ ಮುಂದೆ ಸಾಗಿಸಲ್ಲ. ಅಲ್ಲಿಂದ ಇಂಟರ್ನೆಟ್‌ಗೆ ಹೋಗಬೇಕಾದ್ರೆ ಮಾಸ್ಕರೇಡ್ ನಿಯಮ ಬೇಕು, ಇಲ್ಲದಿದ್ರೆ ಉತ್ತರ ವಾಪಸ್ ಬರೋ ದಾರಿ ಇರಲ್ಲ. ವಿಪಿಎನ್ ಕನೆಕ್ಟ್ ಆಗಿದೆ ಆದ್ರೆ ಏನೂ ಓಪನ್ ಆಗ್ತಿಲ್ಲ ಅನ್ನೋ ದೂರುಗಳಲ್ಲಿ ಎಷ್ಟೋ ಸಲ ಸುರಂಗ ಸರಿಯಾಗೇ ಇರುತ್ತೆ.

ಇನ್ನು 2020. ಮಾರ್ಚ್ 25ರಿಂದ ದೇಶಕ್ಕೆ ಲಾಕ್‌ಡೌನ್. ಮಾರ್ಚ್ 29ಕ್ಕೆ ಲಿನಕ್ಸ್ ಕರ್ನೆಲ್ 5.6 ಹೊರಬಂತು, ಜೇಸನ್ ಡೊನೆನ್‌ಫೆಲ್ಡ್ ಬರೆದ ವೈರ್‌ಗಾರ್ಡ್ ಅದರೊಳಗೇ ಇತ್ತು. ಬಿಪಿಒ, ಕಾಲ್ ಸೆಂಟರ್‌ಗಳ ಮೇಲಿದ್ದ ವಿಪಿಎನ್ ಕಟ್ಟುಪಾಡುಗಳನ್ನ ದೂರಸಂಪರ್ಕ ಇಲಾಖೆ ಅದೇ ತಿಂಗಳು ಸಡಿಲಿಸಿತ್ತು. ಬೆಂಗಳೂರಿನ ರೂಮು ಖಾಲಿ ಮಾಡಿ ಊರಿಗೆ ಬಂದವರು ಜಗಲಿ ಮೇಲೆ ಕೂತು ಆಫೀಸ್ ಸರ್ವರ್‌ಗೆ ಲಾಗಿನ್ ಆಗೋ ಕಾಲ ಬಂತು. ಒಂದು ಕಾಲಕ್ಕೆ ಉಪಗ್ರಹ ಬೇಕಾಗಿದ್ದ ಕೆಲಸ ಹತ್ತು ಹದಿನೈದು ಸಾಲಿನ ಫೈಲಿಗೆ ಇಳಿದಿತ್ತು.

ವೈರ್‌ಗಾರ್ಡ್‌ನಲ್ಲಿ ತೂಬಿನ ಹೆಸರು ಅಲೌಡ್ ಐಪೀಸ್. ಹೋಗುವಾಗ ಯಾವ ಅಡ್ರೆಸ್ ಯಾವ ಪೀರ್‌ಗೆ ಅಂತ ಹೇಳೋದೂ ಅದೇ, ಬರುವಾಗ ಆ ಪೀರ್‌ನಿಂದ ಯಾವ ಅಡ್ರೆಸ್ ಒಪ್ಪಬೇಕು ಅಂತ ತೀರ್ಮಾನಿಸೋದೂ ಅದೇ. ಒಂದು ವಿಷಯ ನೆನಪಿಡಿ: ಒಂದೇ ಅಡ್ರೆಸ್ ಸಾಲನ್ನ ಇಬ್ಬರು ಪೀರ್‌ಗಳಿಗೆ ಬರೆದರೆ ಕೊನೆಗೆ ಬರೆದವರಿಗೆ ಸಿಗುತ್ತೆ. ಮೊದಲನೆಯವರ ಪಾಲು ಸದ್ದಿಲ್ಲದೆ ಹೋಗುತ್ತೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಮನುಷ್ಯರ ಲೋಕದಲ್ಲಿ ಹಾಗೆ ಸದ್ದಿಲ್ಲದೆ ನಡೆಯಲ್ಲ. ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಜಗಳ ನೋಡಿ. ಗುಬ್ಬಿ ತಾಲ್ಲೂಕಲ್ಲೇ ನಾಲೆಯಿಂದ ನೀರು ತೆಗೆದು, ಭೂಮಿಯೊಳಗೆ ಪೈಪ್ ಹಾಕಿ ನೇರ ಕುಣಿಗಲ್‌ಗೆ, ಮುಂದೆ ಮಾಗಡಿ ಕಡೆಗೆ ಒಯ್ಯೋ ಯೋಜನೆ ಅದು. ನಾಲೆ ಕೊನೆಯ ನಮಗೆ ನಮ್ಮ ಪಾಲು ಯಾವತ್ತೂ ತಲುಪಲಿಲ್ಲ ಅನ್ನೋದು ಕುಣಿಗಲ್‌ನವರ ಮಾತು. ಮೊದಲೇ ಎತ್ತಿಕೊಂಡು ಹೋದರೆ ನಮಗೇನು ಉಳಿಯುತ್ತೆ ಅನ್ನೋದು ಗುಬ್ಬಿ, ತುಮಕೂರಿನವರ ಮಾತು. 2025ರ ಮೇ ಕೊನೆಗೆ ಗುಬ್ಬಿ ತಾಲ್ಲೂಕಲ್ಲಿ ಜನ ರಸ್ತೆಗಿಳಿದರು. ಇಬ್ಬರೂ ಸುರಂಗದ ಬಗ್ಗೆ ಜಗಳ ಆಡ್ತಿಲ್ಲ. ಇರೋ ನೀರನ್ನ ಹಂಚೋ ಟೇಬಲ್ ಬರೆಯೋರು ಯಾರು ಅಂತ ಕೇಳ್ತಿದ್ದಾರೆ.

ನಮ್ಮ ಲ್ಯಾಪ್‌ಟಾಪ್‌ಗೂ ಇದೇ ಪ್ರಶ್ನೆ. ಕಂಪನಿ ಕೊಟ್ಟ ಫೈಲಲ್ಲಿ 0.0.0.0/0 ಅಂತಿದ್ರೆ, ಆಫೀಸ್ ಕೆಲಸದ ಜೊತೆ ನಿಮ್ಮ ಬ್ಯಾಂಕು, ಡಾಕ್ಟರು, ಮ್ಯಾಟ್ರಿಮೊನಿ ಎಲ್ಲವೂ ಆಫೀಸ್ ದಾರಿಯಲ್ಲೇ ಹೋಗುತ್ತೆ. ವಿಷಯಕ್ಕೆ ಬೀಗ ಇದ್ದರೂ ಯಾವ ಬಾಗಿಲು ತಟ್ಟಿದಿರಿ ಅನ್ನೋದು ಅವರಿಗೆ ಕಾಣಬಹುದು. ದುಡ್ಡು ಕೊಟ್ಟು ಕೊಂಡ ವಿಪಿಎನ್ ಆದ್ರೆ ತೂಬು ಆ ಕಂಪನಿ ಕೈಲಿ. ಗ್ರಾಹಕರ ಹೆಸರು, ವಿಳಾಸ, ಐಪಿ ವಿವರಗಳನ್ನ ಐದು ವರ್ಷ ಇಟ್ಟುಕೊಳ್ಳಿ ಅಂತ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೇಳಿದಾಗ, ಕೆಲವು ಕಂಪನಿಗಳು ಭಾರತದಲ್ಲಿದ್ದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು.

ಹಾಗಾಗಿ ಇನ್ನೊಂದ್ಸಲ ವಿಪಿಎನ್ ಆನ್ ಮಾಡಿದಾಗ ಹಸಿರು ದೀಪ ನೋಡಿ ಸುಮ್ಮನಾಗಬೇಡಿ. ಲಿನಕ್ಸ್ ಇದ್ರೆ ಟರ್ಮಿನಲ್ ತೆಗೆದು "ಐಪಿ ರೂಟ್ ಗೆಟ್" ಅಂತ ಹೊಡೆದು, ಮುಂದೆ ಒಂದು ಅಡ್ರೆಸ್ ಕೊಡಿ. ನಿಮ್ಮ ನೀರು ಯಾವ ನಾಲೆಗೆ ಹೋಗ್ತಿದೆ ಅಂತ ಒಂದೇ ಸಾಲಲ್ಲಿ ಹೇಳುತ್ತೆ. ಕುಣಿಗಲ್‌ನ ರೈತನಿಗೆ ಅಂಥ ಕಮಾಂಡ್ ಇಲ್ಲ, ನಿಮಗಿದೆ.