ಪೈಪು ಹಾಕೋ ಮೊದಲ ನೆಲಕ್ಕ ಕೇಳಬೇಕು

ಜೇವರ್ಗಿ ಕಾಲೋನಿ ಕಡಿಯವರೂ ಕಮಲಾಪುರ ಕಡಿಯವರೂ ನನಗ ಕೇಳೋ ಮಾತು ಒಂದೇ ಅದ: ಊರಿನ ಹೊಲಸು ನೀರಿನ ಪೈಪು ಹಳ್ಳದ ದಂಡಿಗೆ ಬಂದ್ರ ನಮ್ಮ ಬಾವಿ ಗತಿ ಏನು?

ಹೊಲಸು ನೀರು ಇಳಿಜಾರಿಗೆ ತಾನೇ ಹರೀಬೇಕು. ಅದಕ್ಕ ಈ ಪೈಪು ಯಾವತ್ತೂ ತಗ್ಗು ಹುಡುಕ್ತದ. ತಗ್ಗು ಅಂದ್ರ ಹಳ್ಳ, ಕೆರಿ ಅಂಗಳ, ಜೌಗು. ನೆಲದಾಗಿನ ನೀರು ಮ್ಯಾಲ ಇರೋದೂ ಅಲ್ಲೇ.

ನೆಲ ನೋಡಿ ಅಗಿಯೋ ವಿದ್ಯೆ ನಮ್ಮ ಸೀಮಿಗೆ ಹೊಸದಲ್ಲ. ಬಹಮನಿ ಸುಲ್ತಾನರು 1347ರಾಗ ಕಲಬುರಗಿಯಲ್ಲಿ ರಾಜಧಾನಿ ಮಾಡಿದ್ರು. ಮುಂದ 15ನೇ ಶತಮಾನದಾಗ ಅದು ಬೀದರಕ್ಕ ಹೋಯ್ತು. ಅಲ್ಲಿ ನೆಲದೊಳಗ ಸುರಂಗ ಕಾಲುವೆ ತೋಡಿದ್ರು. ಅದಕ್ಕ ಕರೇಜ್ ಅಂತಾರ. ವಿದ್ಯೆ ಇರಾನ್ ಕಡೀದು. ಬೀದರದಾಗ ಮ್ಯಾಲ ಜಂಬಿಟ್ಟಿಗೆ ಕಲ್ಲು, ಕೆಳಗ ಗಟ್ಟಿ ಕರಿಕಲ್ಲು. ಮಳಿ ನೀರು ಜಂಬಿಟ್ಟಿಗೆಯೊಳಗ ಇಳಿದು ಕರಿಕಲ್ಲಿನ ಮ್ಯಾಲ ನಿಲ್ತದ. ಸಾಲಾಗಿ ಬಾವಿಯಂಥ ತೂತು ಇಳಿಸಿ, ಆ ನೀರು ಹಿಡಿದು ಸುರಂಗ ಒಯ್ದಾರ. ನೆಲದ ಪದರು ತಿಳೀದೇ ಇದ್ರ ಈ ಕೆಲಸ ಆಗ್ತಿರಲಿಲ್ಲ.

ಫ್ರಾನ್ಸಿನ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವಿಯೊಳಗ ನೀರು ಬಿಟ್ಟು ಅಳದು, 1856ರಾಗ ಲೆಕ್ಕ ಬರದ. ಮಣ್ಣಿನೊಳಗ ನೀರು ಹರಿಯೋ ವೇಗ ಎರಡರ ಮ್ಯಾಲ ಅದ: ನೀರಿನ ಮಟ್ಟದ ಇಳಿಜಾರು, ಮಣ್ಣಿನ ಜಾತಿ. ನಮ್ಮ ಭಾಗ ಹೈದರಾಬಾದ್ ನಿಜಾಮರ ಕೈಯಾಗಿದ್ದಾಗ, 1908ರ ಸೆಪ್ಟೆಂಬರ್ 28ಕ್ಕ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ಮರುವರ್ಷ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ನದಿ, ಮಳಿ ಲೆಕ್ಕ ತಗೊಂಡು ಮ್ಯಾಲ ಜಲಾಶಯ ಕಟ್ಟೋದು, ಊರೊಳಗ ಒಳಚರಂಡಿ ಮಾಡೋದು ಎರಡೂ ಹೇಳಿದ್ರು. 1925ರಾಗ ಕಾರ್ಲ್ ಟೆರ್ಝಾಗಿ ಮಣ್ಣಿನ ಶಾಸ್ತ್ರದ ಪುಸ್ತಕ ತಂದ. ಮಣ್ಣಿನೊಳಗಿನ ನೀರಿನ ಒತ್ತಡ ಏರಿದ್ರ ಮಣ್ಣಿನ ಬಲ ಇಳೀತದ ಅಂತ ಅವನ ಕೆಲಸ ತೋರಿಸ್ತು.

ಈಗ ನಮ್ಮ ಎರಿ ಭೂಮಿಗೆ ಬರ್ರಿ. ಬ್ಯಾಸಿಗ್ಯಾಗ ಕೈ ಇಳಿಯೋಹಂಗ ಬಿರಿತದ, ಮಳಗಾಲದಾಗ ಉಬ್ತದ. ವರ್ಷಾ ಹಿಂಗ ಏರಿಳಿದ್ರ ಪೈಪಿನ ಜೋಡು ಬಿಡ್ತದ. ನೆಲದ ನೀರು ಪೈಪಿನ ಮ್ಯಾಲಿದ್ರ ನೀರು ಒಳಗ ಹೊಕ್ಕು ಜೌಗು ಬತ್ತತದ. ನೀರು ಕೆಳಗಿಳಿದ್ರ ಹೊಲಸು ಹೊರಗ ಬಿದ್ದು ಬಾವಿಗೆ ಸೇರ್ತದ. ಪೈಪು ಸೋರದಿದ್ರೂ ಸುತ್ತ ಹಾಕಿದ ಕಡಿ, ಮರಳು ತಾನೇ ಕಾಲುವಿ ಆಗಿ ನೀರು ಎಳಕೊಂಡು ಹೋಗ್ತದ. ಅದಕ್ಕ ನಡುನಡುವ ಗಟ್ಟಿ ಜೇಡಿಮಣ್ಣಿನ ಅಡ್ಡಗೋಡಿ ಹಾಕಬೇಕು. ನೀರು ಮ್ಯಾಲಿರೋ ಕಡೆ ಖಾಲಿ ಮ್ಯಾನ್‌ಹೋಲ್ ತೇಲಿ ಎದ್ದು ಬರ್ತದ, ಅದಕ್ಕೂ ಭಾರ ಕೊಡಬೇಕು.

ಇದೆಲ್ಲ ಮೊದಲೇ ತಿಳೀಬೇಕಂದ್ರ ಪೈಪಿನ ದಾರಿಗುಂಟ ತೂತು ಕೊರೀಬೇಕು, ಪೈಪು ಕೂಡೋ ಆಳಕ್ಕಿಂತ ಕೆಳಗ. ಎರಿ ಎಷ್ಟು, ಗರಸು ಎಷ್ಟು, ಕಲ್ಲು ಎಲ್ಲಿ ಅಂತ ಬರೀಬೇಕು. ಮಣ್ಣು ಎಷ್ಟು ಉಬ್ತದ ಪರೀಕ್ಷಾ ಮಾಡಬೇಕು. ಕೆಲವು ತೂತಿನಾಗ ಜಾಲರಿ ಕೊಳವಿ ಬಿಟ್ಟು ವರ್ಷಪೂರ್ತಿ ನೀರಿನ ಮಟ್ಟ ಅಳೀಬೇಕು.

ನಮ್ಮ ಕಡೆ ಒಂದು ಕಾಮಗಾರಿಗೆ ಮೇ ತಿಂಗಳದಾಗ ಬಂದು ಮೂರು ಗುಂಡಿ ತೋಡಿ, ನೀರಿಲ್ಲ ಅಂತ ಬರಕೊಂಡು ಹೋದ್ರು. ಅದೇ ಜಾಗದಾಗ ಶೀಗಿ ಹುಣ್ಣಿವಿಗೆ ಮೊಳ ತೋಡಿದ್ರ ನೀರು ಬರ್ತದ. ಬರದದ್ದು ಸುಳ್ಳಲ್ಲ, ಆದ್ರ ಅದು ಅರ್ಧ ವರ್ಷದ ಮಾತು.

ಉಳಿದರ್ಧ ನಮ್ಮ ಕೈಯಾಗ ಅದ. ಬಾವಿ ಇದ್ದವರು ಹಗ್ಗಕ್ಕ ಕಲ್ಲು ಕಟ್ಟಿ ಕಾರಹುಣ್ಣಿವಿಗೊಮ್ಮೆ, ಶೀಗಿ ಹುಣ್ಣಿವಿಗೊಮ್ಮೆ, ಎಳ್ಳಮಾಸಿಗೊಮ್ಮೆ ನೀರಿನ ಮಟ್ಟ ಅಳದು ತಾರೀಖು ಹಾಕಿ ಬರದಿಡ್ರಿ. ಸರ್ವೇದವರು ಬಂದಾಗ ಜಗಳಕ್ಕ ಹೋಗಬ್ಯಾಡ್ರಿ, ಆ ವಹಿ ಮುಂದ ಇಡ್ರಿ. ಪೈಪು ಊರಿಗೂ ಬೇಕು. ಬಾವಿ ಉಳೀಬೇಕಂದ್ರ ಲೆಕ್ಕ ಮೊದಲ ಆಗಬೇಕು, ತಗ್ಗು ಆಮ್ಯಾಲ ತೋಡಬೇಕು.